ರಾಜೀವಿ ಅಂಗೈ ನೆಕ್ಕಿದ ದಿನ

ಸೌಟಿನ ತುದಿಯನ್ನೇ ಬಾಯಿಗೆ ತಾಗಿಸಿ ಅಡಿಗೆಯ ರುಚಿ ನೋಡುವವರನ್ನು ರಾಜೀವಿ ಅಡಿಗೆಯವರೆಂದೇ ಒಪ್ಪುತ್ತಿರಲಿಲ್ಲ. ಎಂಜಲು ಸೌಟನ್ನು ತಿರುಗಿ ಪಾತ್ರೆಗೆ ಅದ್ದುವುದೇ? ಥೂ! ಅವಳ ಕ್ರಮವೇ ಬೇರೆ. ಸೌಟನ್ನು ಎಡಗೈಗೆ ದಾಟಿಸಿಕೊಂಡು, ಬಲ ಅಂಗೈಯ ಗುಂಡಿಗೆ ಮೇಲಿನಿಂದ ಒಂದೇ ತೊಟ್ಟು ಬಿಟ್ಟು, ಕಣ್ಣು ಮುಚ್ಚಿ ನೆಕ್ಕುವುದು. ಆಮೇಲೆ ಒಂದೋ ‘ಸರಿ ಉಂಟು’ ಎನ್ನುವುದು, ಇಲ್ಲವೇ ಉಪ್ಪಿನ ಮರಿಗೆಗೆ ಕೈ ಹಾಕುವುದು. ಎಂಟು ವರ್ಷದವಳಿದ್ದಾಗ ಅಮ್ಮನಿಂದ ಕಲಿತ ಈ ಕೆಲಸ ಎಷ್ಟು ರೂಢಿಯಾಗಿತ್ತೆಂದರೆ, ಅವಳ ಕೈ ಅವಳನ್ನು ಕೇಳುತ್ತಲೇ ಇರಲಿಲ್ಲ. ಈ ಕಥೆಯ ಸಂಕಟವೆಲ್ಲ ಶುರುವಾಗುವುದು ಆ ಕೈಯಿಂದಲೇ.

ರಾಜೀವಿ ಪೈವಳಿಕೆಯ ಕಡೆಯವಳು, ತಾಳೆಮರದಿಂದ ಕಳ್ಳು ಇಳಿಸುವ ಚೆನ್ನಯ್ಯನ ಹೆಂಡತಿ. ಮದುವೆಯಾಗಿ ಬಂದ ವರ್ಷದಲ್ಲೇ ಅವಳ ನಾಲಿಗೆಯ ಸುದ್ದಿ ನಾಲ್ಕು ಊರಿಗೆ ಹಬ್ಬಿತ್ತು. ಬೆಳಗ್ಗೆ ಚೆನ್ನಯ್ಯ ಇಳಿಸಿ ತಂದ ಮಡಕೆಗಳ ಮುಂದೆ ಕೂತು, ಒಂದೊಂದರಿಂದ ಒಂದೊಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಇದು ಬಾವಿಕಟ್ಟೆಯ ಮರದ್ದು, ಇದು ಗದ್ದೆ ಬದಿಯದ್ದು, ಇದು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ, ಇದನ್ನು ಬೆಲ್ಲಕ್ಕಿಡು ಎಂದು ಹೇಳುವಳು. ಪರೀಕ್ಷೆ ಮಾಡುತ್ತೇವೆಂದು ಮಡಕೆಗಳನ್ನು ಅದಲುಬದಲು ಮಾಡಿಟ್ಟ ಗಂಡಸರು ತಲೆ ಕೆರೆದುಕೊಂಡು ಹೋಗಿದ್ದರು. ಚೆನ್ನಯ್ಯನಿಗೋ ಹೆಂಡತಿಯ ನಾಲಿಗೆಯೆಂದರೆ ಎದೆ ಉಬ್ಬುವಷ್ಟು ಹೆಮ್ಮೆ. ಅವಳು ‘ಸರಿ ಉಂಟು’ ಎನ್ನದ ಕಳ್ಳನ್ನು ಅವನು ಕುಡಿದವನೂ ಅಲ್ಲ, ಮಾರಿದವನೂ ಅಲ್ಲ.

ಅವಳ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸುಗ್ಗಿ ತಿಂಗಳ ಒಂದು ಬೆಳಗ್ಗೆ, ಚೆನ್ನಯ್ಯ ಹಿಂದಿನ ದಿನ ಉಳಿದಿದ್ದ ಒಂದು ಮಡಕೆಯನ್ನು ಅವಳ ಮುಂದಿಟ್ಟ. ‘ಹೇಗುಂಟು ನೋಡು,’ ಎಂದ. ಅವಳು ಅಂಗೈ ನೆಕ್ಕಿ, ‘ಸರಿ ಉಂಟು, ಕುಡಿ,’ ಎಂದಳು. ಅವನು ತೆಂಗಿನ ಗೆರಟೆಯಲ್ಲಿ ಅರ್ಧದಷ್ಟು ಕುಡಿದು, ಬಾಯಿ ಒರೆಸಿಕೊಂಡು ಹೋದ. ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ತಾಳೆಮರದಿಂದ ಬಿದ್ದು ಸತ್ತ.

ಅವನ ಹತ್ತಿರ ಮೊದಲು ಓಡಿ ಹೋದವನು ಮುದ್ದಣ್ಣ. ಅವನೂ ಕಳ್ಳು ಇಳಿಸುವವನೇ, ಚೆನ್ನಯ್ಯನ ಜೊತೆಗಾರ. ‘ಕಳ್ಳು ತಲೆಗೆ ಏರಿತು, ಕಾಲು ಜಾರಿತು,’ ಎಂದು ಅವನೇ ಹೇಳಿದ್ದು. ಊರಿನ ಬಾಯಿ ಅಷ್ಟಕ್ಕೇ ಸುಮ್ಮನಿರುತ್ತದೆಯೇ? ಮಡಕೆಯಲ್ಲಿ ಹಲ್ಲಿ ಬಿದ್ದಿತ್ತೋ ಏನೋ ಎಂದಿತು. ಹಾವು ಬಾಯಿ ಹಾಕಿರಬೇಕು ಎಂದಿತು. ರಾಜೀವಿ ಮೂಲೆಯಲ್ಲಿ ಕೂತು ಒಂದೇ ಒಂದು ಮಾತನ್ನು ತನ್ನನ್ನು ತಾನು ಕೇಳಿಕೊಂಡಳು: ಆ ಮಡಕೆಯಲ್ಲಿ ನನ್ನ ನಾಲಿಗೆಗೆ ಸಿಗದ್ದು ಏನಾದರೂ ಇತ್ತಾ? ಇತ್ತು, ಇರಲೇಬೇಕು, ಇಲ್ಲದಿದ್ದರೆ ಅವನು ಹೇಗೆ ಬೀಳುತ್ತಿದ್ದ ಎಂದು ಉತ್ತರವನ್ನೂ ತಾನೇ ಕೊಟ್ಟುಕೊಂಡಳು.

ಚೆನ್ನಯ್ಯನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮಾರನೆಯ ದಿನ ಐದು ವರ್ಷದ ಮಗಳು ಪ್ರೇಮಾವತಿಯನ್ನು ಎತ್ತಿಕೊಂಡು ಗುಳಿಗ ದೈವದ ಕಟ್ಟೆಗೆ ಹೋದಳು. ಕಟ್ಟೆ ಇರುವುದು ಅವಳ ತವರಿನ ತೋಟದ ಮೂಲೆಯಲ್ಲಿ, ಕಾಸರಕನ ಮರದ ಬುಡದಲ್ಲಿ. ಆ ಕಟ್ಟೆಗೆ ದೀಪ ಇಡುವ ಕೆಲಸವೂ ಮುದ್ದಣ್ಣನದೇ. ರಾಜೀವಿ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದಳು: ‘ಇನ್ನು ಅಮಲಿನ ವಸ್ತು ಒಂದು ತೊಟ್ಟು ಈ ನಾಲಿಗೆಗೆ ತಾಗಿದರೆ ನನ್ನ ಈ ಒಂದೇ ಮಗಳನ್ನು ನೀನು ತೆಗೆದುಕೋ.’ ಆಣೆ ಗಟ್ಟಿಯಾಗಲೆಂದು ಮುದ್ದಣ್ಣ ಅವಳ ಕೈ ಮೇಲೆ ನೀರು ಬಿಟ್ಟ. ಒಂದು ಮಾತು ಆಡಲಿಲ್ಲ.

ಮಗುವಿನ ಮೇಲೆ ಆಣೆ ಹಾಕುವುದುಂಟೇ ಎಂದು ನೀವು ಕೇಳಬಹುದು. ಅಮ್ಮಣ್ಣಿಯೂ ಅದನ್ನೇ ಕೇಳಿದಳು; ಅವಳು ರಾಜೀವಿಯ ಅಕ್ಕ, ತವರುಮನೆಯಲ್ಲೇ ಇದ್ದವಳು. ‘ನಿನಗೆ ತಲೆ ಕೆಟ್ಟಿದೆಯಾ? ಕಳ್ಳು ಕುಡಿಯುವ ದೈವದ ಎದುರು ಕಳ್ಳು ಮುಟ್ಟುವುದಿಲ್ಲ ಅಂತ ಆಣೆಯಾ? ಅದೂ ಈ ಕೂಸಿನ ಮೇಲೆ?’ ಎಂದು ಬಾಯಿಗೆ ಬಂದ ಹಾಗೆ ಬೈದಳು. ಆದರೆ ಬೈದರೆ ಆಣೆ ಹಿಂದೆ ಬರುತ್ತದೆಯೇ? ಆ ದಿನದ ರಾಜೀವಿಯ ಹತ್ತಿರ ಪಣಕ್ಕಿಡಲು ಬೆಲೆಯುಳ್ಳದ್ದು ಬೇರೆ ಏನೂ ಇರಲಿಲ್ಲ. ಮಗಳನ್ನು ಅಕ್ಕನ ಕೈಗೆ ಕೊಟ್ಟು, ಕಳ್ಳಿನ ಮಡಕೆಗಳಿಲ್ಲದ ಜಾಗ ಹುಡುಕಿಕೊಂಡು ಏಳು ಮೈಲಿ ನಡೆದು ಮಂಗಲ್ಪಾಡಿಗೆ ಬಂದಳು. ಅಲ್ಲಿ ಸಮುದ್ರದ ಬದಿಯ ಬಂಗಲೆಯಲ್ಲಿ ಫೆನ್ವಿಕ್ ದೊರೆಯ ಅಡಿಗೆಗೆ ನಿಂತಳು.

ಫೆನ್ವಿಕ್ ದೊರೆ ಘಟ್ಟದ ಮೇಲಿನ ಕಾಫಿ ತೋಟದಲ್ಲಿ ಮೂವತ್ತು ವರ್ಷ ಕಳೆದು, ಮೊಣಕಾಲು ನೋವಿಗೆ ಸಮುದ್ರದ ಗಾಳಿ ಒಳ್ಳೆಯದೆಂದು ಇಳಿದು ಬಂದವನು. ಹೆಂಡತಿ ಮಕ್ಕಳಿಲ್ಲ. ತಿನ್ನುವುದೊಂದೇ ಚಪಲ. ತೋಟದ ಮೇಸ್ತ್ರಿಗಳಿಂದ ಕಲಿತ ಅವನ ಕನ್ನಡ ಗಾಡಿಯ ಹಾಗೆ ಕುಲುಕುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಅವನು ಕುಡಿಯುವ ಬಾಟ್ಲಿಗಳಿಗೆ ಬೇರೆ ಕಪಾಟು, ಬೇರೆ ಆಳು. ರಾಜೀವಿ ಆ ಕಪಾಟಿದ್ದ ಕೋಣೆ ಗುಡಿಸುವ ಕೆಲಸವನ್ನೂ ಒಪ್ಪಿಕೊಳ್ಳಲಿಲ್ಲ. ಹೀಗೆ ಹನ್ನೆರಡು ವರ್ಷ ಹೋಯಿತು. ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಮಳೆ ನಿಂತ ಮೇಲೆ, ಮದುವೆಯಾಗಿದ್ದ ಪ್ರೇಮಾವತಿ ಚೊಚ್ಚಲ ಹೆರಿಗೆಗೆಂದು ಪೈವಳಿಕೆಗೆ, ದೊಡ್ಡಮ್ಮ ಅಮ್ಮಣ್ಣಿಯ ಮನೆಗೆ ಬಂದಳು. ಅದೇ ವಾರ ದೊರೆಯ ಗೆಳೆಯನೊಬ್ಬ ಮದ್ರಾಸಿನಿಂದ ಎರಡು ಬಾಟ್ಲಿ ಕೆಂಪು ವೈನ್ ಹಿಡಿದುಕೊಂಡು ಬಂದ.

ಶುಕ್ರವಾರ ದೊರೆ ಅಡಿಗೆಮನೆಗೆ ಬಂದು ಒಂದು ಗಾಜಿನ ಲೋಟವನ್ನು ಅವಳ ಮುಂದಿಟ್ಟ. ಕಾಲು ಭಾಗ ತುಂಬಿತ್ತು.

‘ರಾಜೀವಿ, ಇದು ಫ್ರಾನ್ಸ್ ದೇಶದ ದ್ರಾಕ್ಷಿ. ಹನ್ನೆರಡು ವರ್ಷ ಬಾಟ್ಲಿ ಒಳಗೆ ಮಲಗಿದೆ. ಬಹಳ ಗಟ್ಟಿ ಆಸಾಮಿ. ನನ್ನ ದೋಸ್ತ್ ಹೇಳ್ತಾನೆ, ಈ ಊರಿನ ಅಡಿಗೆ ಯಾವುದೂ ಇದರ ಪಕ್ಕ ಕೂರೋದಿಲ್ಲ ಅಂತ. ನಾನು ಹೇಳಿದೆ, ನಮ್ಮ ರಾಜೀವಿ ನಾಲಿಗೆ ಮುಂದೆ ನಿನ್ನ ಫ್ರಾನ್ಸ್ ಏನು ಅಂತ. ನೀನು ರುಚಿ ನೋಡು. ಆದಿತ್ಯವಾರ ಮಧ್ಯಾಹ್ನ ಇದಕ್ಕೆ ಸರಿಯಾಗಿ ಒಂದು ಅಡಿಗೆ ಮಾಡು.’

ರಾಜೀವಿ ಎರಡು ಹೆಜ್ಜೆ ಹಿಂದೆ ಸರಿದಳು. ‘ಬೇಡ ದೊರೆ. ನನಗೆ ಆಣೆ ಉಂಟು.’

‘ಆಣೆ ಕಳ್ಳಿಗೆ ಅಲ್ವಾ? ಇದು ಕಳ್ಳು ಅಲ್ಲ.’

‘ಅಮಲು ಉಂಟಲ್ಲ ಇದರಲ್ಲಿ?’

‘ಅದು ಉಂಟು,’ ದೊರೆ ಒಪ್ಪಿಕೊಂಡ.

‘ಹಾಗಾದರೆ ಗುಳಿಗನಿಗೆ ಎರಡೂ ಒಂದೇ.’

ದೊರೆ ಹೊಟ್ಟೆ ಕುಣಿಸಿ ನಕ್ಕ. ‘ಒಂದು ಗುಟುಕು. ಯಾರೂ ನೋಡೋದಿಲ್ಲ,’ ಎಂದು ಲೋಟವನ್ನು ಅಲ್ಲೇ ಬಿಟ್ಟು ಹೋದ. ಯಾರೂ ನೋಡುವುದಿಲ್ಲವಂತೆ! ಗುಳಿಗನಿಗೆ ನೋಡುವುದಕ್ಕೆ ಕಿಟಕಿ ಬೇಕೇ?

ಅವಳು ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ತೋಳು ಚಾಚಿದಷ್ಟೂ ದೂರ ಇಟ್ಟುಕೊಂಡು ಹಿತ್ತಿಲಿಗೆ ತಂದಳು. ಬಿಸಿಲಿಗೆ ಹಿಡಿದಾಗ ಕಂಡ ಬಣ್ಣ ಪುನರ್ಪುಳಿಯ ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿದ ನೀರಿನದೇ; ಅಷ್ಟೇ ಕಡುಗೆಂಪು, ಅಂಚಿನಲ್ಲಿ ಸ್ವಲ್ಪ ಕಂದು. ಮೂಗಿಗೆ ಕಳಿತ ನೇರಳೆ ಹಣ್ಣು ಬಂತು, ಕರಿಮೆಣಸು ಬಂತು, ಮುಚ್ಚಿಟ್ಟ ಮರದ ಪೆಟ್ಟಿಗೆಯ ಒಳಗಿನ ವಾಸನೆ ಬಂತು. ನಾಲಿಗೆಯಲ್ಲಿ ನೀರೂರಿತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಲಿಂಬೆ ಗಿಡದ ಬುಡಕ್ಕೆ ಸುರಿದು, ಲೋಟವನ್ನು ಮೂರು ಸಲ ಬೂದಿ ಹಾಕಿ ತಿಕ್ಕಿದಳು. ದೊರೆ ಕೇಳಿದಾಗ, ‘ನೋಡಿದೆ, ಕಾಡುಹಂದಿ ಮಾಡುವ,’ ಎಂದು ಸುಳ್ಳು ಹೇಳಿದಳು. ಪುನರ್ಪುಳಿಯ ಬಣ್ಣ ಇದ್ದ ಮೇಲೆ ಪುನರ್ಪುಳಿ ಹಾಕಿದ ಮಸಾಲೆಯ ಗಸಿಯೇ ಅದಕ್ಕೆ ಸರಿಹೊಂದುತ್ತದೆಂದು ಕಣ್ಣಿನ ಮೇಲೆ ಭಾರ ಹಾಕಿ ತೀರ್ಮಾನ ಮಾಡಿದಳು. ಈ ಕರಾವಳಿಯ ಯಾವ ಹೆಂಗಸೂ ಹಾಗೆಯೇ ತಿಳಿಯುತ್ತಿದ್ದಳು ಬಿಡಿ.

ಆದಿತ್ಯವಾರ ಬೆಳಗ್ಗೆ ಹಂದಿಯ ಮಾಂಸ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಬೇಯುತ್ತಿತ್ತು. ಮಸಾಲೆ ಹಾಕಿಯಾಗಿತ್ತು, ಪುನರ್ಪುಳಿಯೂ ಬಿದ್ದಿತ್ತು. ಆಗ ಹಿತ್ತಿಲ ಬಾಗಿಲಿಗೆ ಮಹಾಬಲ ಬಂದು ನಿಂತ. ಪೈವಳಿಕೆಯಿಂದ ವೀಳ್ಯದೆಲೆ ಹೊತ್ತು ತರುವವನು ಅವನು.

‘ರಾಜೀವಿಯಕ್ಕಾ, ನಿಮ್ಮ ಮಗಳಿಗೆ ಬೆಳಗಿನ ಜಾವಕ್ಕೆ ನೋವು ಶುರುವಾಯಿತು. ಅಮ್ಮಣ್ಣಿಯಕ್ಕ ಹೇಳಿ ಕಳಿಸಿದ್ದು. ಬೇಗ ಬರಬೇಕಂತೆ.’

‘ಸೂಲಗಿತ್ತಿ ಬಂದಿದ್ದಾಳಾ?’

‘ಬಂದಿದ್ದಾಳೆ. ಮಗು ತಿರುಗಿ ಕೂತಿದೆ ಅಂತ ಎಂತದೋ ಹೇಳ್ತಿದ್ದಳು. ನನಗೆ ಅದೆಲ್ಲ ಗೊತ್ತಾಗುವುದಿಲ್ಲ.’ ಅವನು ಅವಳ ಮುಖ ನೋಡಿ, ಹೇಳಬಾರದ್ದು ಹೇಳಿದೆನೋ ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟ.

ತಿರುಗಿ ಕೂತಿದೆಯೇ! ಹಾಗೆ ಕೂತ ಮಗುವನ್ನು ಹೆರಲಾರದೆ ಪೈವಳಿಕೆಯಲ್ಲೇ ಇಬ್ಬರು ಹೋದದ್ದನ್ನು ರಾಜೀವಿ ಕಂಡಿದ್ದಳು. ಜಗಲಿಗೆ ಓಡಿ ದೊರೆಗೆ ವಿಷಯ ಹೇಳಿದಳು. ದೊರೆ ಕೆಟ್ಟವನಲ್ಲ, ಆದರೆ ಹೆರಿಗೆಯೆಂದರೆ ಏನೆಂದು ಅವನಿಗೆ ಎಲ್ಲಿಂದ ಗೊತ್ತು? ‘ಹೋಗು, ಹೋಗು. ಊಟ ಮೇಜಿಗೆ ಬಂದ ಕೂಡಲೇ ಹೋಗು,’ ಎಂದ. ಅಷ್ಟು ಹೇಳಿ ಸುಮ್ಮನಿರದೆ ಬಾಟ್ಲಿ ಹಿಡಿದು ಅವಳ ಹಿಂದೆಯೇ ಬಂದು, ಅರ್ಧ ಲೋಟ ವೈನನ್ನು ಕುದಿಯುವ ಗಸಿಗೆ ಸುರಿದ. ‘ನಮ್ಮ ದೇಶದಲ್ಲಿ ಹೀಗೆ ಹಾಕ್ತಾರೆ. ಒಂದು ಕುದಿ ಬರಲಿ,’ ಎಂದು ಬಾಟ್ಲಿಯನ್ನು ಅಲ್ಲೇ ಇಟ್ಟು ಹೋದ.

ರಾಜೀವಿ ಸೌಟು ಆಡಿಸುತ್ತಿದ್ದಳು. ಮನಸ್ಸು ಪೈವಳಿಕೆಯಲ್ಲಿ, ಅಮ್ಮಣ್ಣಿಯ ಮನೆಯ ಕತ್ತಲೆ ಕೋಣೆಯಲ್ಲಿತ್ತು. ಪ್ರೇಮಾವತಿ ಜಂತಿಗೆ ಕಟ್ಟಿದ ಹಗ್ಗವನ್ನು ಹಿಡಿದು ಜಗ್ಗುತ್ತಿರಬಹುದು, ಅಮ್ಮಾ ಎನ್ನುತ್ತಿರಬಹುದು, ಅಮ್ಮ ಇಲ್ಲಿ ಹಂದಿ ಬೇಯಿಸುತ್ತಿದ್ದಾಳೆ. ಕುದಿ ಬಂತು. ಸೌಟು ಎಡಗೈಗೆ ದಾಟಿತು. ಬಲ ಅಂಗೈ ಗುಂಡಿಯಾಯಿತು. ಒಂದು ತೊಟ್ಟು ಬಿತ್ತು. ಅವಳು ಕಣ್ಣು ಮುಚ್ಚಿ ನೆಕ್ಕಿದಳು.

ಅಯ್ಯೋ!

ಸೌಟು ಕೈಯಿಂದ ಬಿತ್ತು. ಒಲೆಯ ಬೂದಿಗೆ ಉಗುಳಿದಳು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ಇದ್ದಿಲಿನ ಪುಡಿ ಹಾಕಿ ನಾಲಿಗೆಯನ್ನು ರಕ್ತ ಬರುವ ಹಾಗೆ ತಿಕ್ಕಿದಳು. ‘ನಾನಲ್ಲ ಸ್ವಾಮಿ, ನನ್ನ ಕೈ,’ ಎಂದು ಗುಳಿಗನಿಗೆ ಹೇಳಿದಳು. ‘ಕೈಗೆ ಗೊತ್ತಾಗಲಿಲ್ಲ. ಬೇಕಾದರೆ ಕೈ ತೆಗೆದುಕೋ.’ ನೋವು ಶುರುವಾದದ್ದು ಬೆಳಗಿನ ಜಾವ, ನಾನು ನೆಕ್ಕಿದ್ದು ಈಗ, ಹಾಗಾದರೆ ಅದು ಇದರಿಂದ ಅಲ್ಲ ಎಂದು ಒಂದು ಕ್ಷಣ ಸಮಾಧಾನ ಮಾಡಿಕೊಂಡಳು. ಮರುಕ್ಷಣವೇ, ಶುರುವಾದದ್ದನ್ನು ಮುಗಿಸುವುದು ಗುಳಿಗನ ಕೈಯಲ್ಲಿ ಉಂಟಲ್ಲ ಎಂದು ನೆನಪಾಯಿತು.

ಇಷ್ಟರ ನಡುವೆಯೂ ಆ ನಾಲಿಗೆ ಸುಮ್ಮನಿರಲಿಲ್ಲ ನೋಡಿ! ಹನ್ನೆರಡು ವರ್ಷ ಬಾಯಿ ಕಟ್ಟಿ ಕೂರಿಸಿದ್ದ ನಾಲಿಗೆ ಅದು. ಗಸಿ ಕೆಟ್ಟಿದೆ ಎಂದಿತು. ಪುನರ್ಪುಳಿಯ ಹುಳಿಗೂ ವೈನಿನ ಒಗರಿಗೂ ಜಗಳ ಹತ್ತಿ, ಕತ್ತಿಯ ಅಲಗನ್ನು ನೆಕ್ಕಿದಂತೆ ಕಬ್ಬಿಣದ ರುಚಿ ಬಂದಿದೆ ಎಂದಿತು. ಇದು ಪುನರ್ಪುಳಿಯ ಸಂಬಂಧಿಯೇ ಅಲ್ಲ. ಇದು ಅರೆಹಣ್ಣಾದ ಗೇರುಹಣ್ಣಿನ ಜಾತಿ, ನಾಲಿಗೆಯನ್ನು ಹಿಡಿದು ಎಳೆಯುವಂಥದ್ದು. ಗೇರುಹಣ್ಣಿಗೆ ಹುಳಿ ಹಾಕುತ್ತಾರಾ? ಉಪ್ಪು ಹಾಕುತ್ತಾರೆ. ಉಪ್ಪು ಬೇಕು, ಕೊಬ್ಬು ಬೇಕು, ಮೆಣಸಿನಕಾಯಿ ಬೇಡ, ಕರಿಮೆಣಸು ಬೇಕು, ತೆಂಗಿನಕಾಯಿ ಬೇಡವೇ ಬೇಡ. ಅವಳು ಅಳುತ್ತಲೇ ಮಾಂಸದ ತುಂಡುಗಳನ್ನು ಗಸಿಯಿಂದ ಎತ್ತಿ ಬಿಸಿನೀರಲ್ಲಿ ತೊಳೆದಳು. ಕಬ್ಬಿಣದ ಬಾಣಲೆಯಲ್ಲಿ ಹಂದಿಯದೇ ಕೊಬ್ಬು ಕರಗಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ತುಂಡುಗಳ ಅಂಚು ಕಪ್ಪಾಗುವವರೆಗೆ ಹುರಿದು, ಕುಟ್ಟಿದ ಕರಿಮೆಣಸನ್ನೂ ಉಪ್ಪನ್ನೂ ಉದುರಿಸಿದಳು.

ಆಮೇಲೆ ಮಾಡಿದ್ದನ್ನು ಅವಳು ಸಾಯುವವರೆಗೆ ಯಾರ ಹತ್ತಿರವೂ ಸಮರ್ಥಿಸಿಕೊಳ್ಳಲಿಲ್ಲ. ಬಾಟ್ಲಿ ಎದುರಿಗೇ ಇತ್ತು. ಒಂದು ಗೆರಟೆಗೆ ಒಂದು ಗುಟುಕು ಬಗ್ಗಿಸಿದಳು. ಕೊಬ್ಬಿರುವ ಒಂದು ತುಂಡನ್ನು ಅಗಿದು, ಅದು ಬಾಯಲ್ಲಿ ಇರುವಾಗಲೇ ವೈನ್ ಕುಡಿದಳು. ಮೊದಲಿನದು ಮರೆವು, ಸರಿ. ಇದು?

ಒಗರು ಮಲಗಿತು. ಕೊಬ್ಬಿನ ಜಿಡ್ಡನ್ನು ವೈನ್ ತೊಳೆಯಿತು, ವೈನಿನ ಒರಟನ್ನು ಕೊಬ್ಬು ಸವರಿತು. ಎರಡರ ಅಡಿಯಿಂದ ನೇರಳೆ ಹಣ್ಣಿನ ಸಿಹಿ ಮೆಲ್ಲಗೆ ಎದ್ದು ಬಂತು, ಕೊನೆಗೆ ಕರಿಮೆಣಸು ಗಂಟಲಲ್ಲಿ ಬೆಚ್ಚಗೆ ನಿಂತಿತು. ರಾಜೀವಿಗೆ ಖುಷಿಯಾಯಿತು. ಹೌದು, ಖುಷಿಯೇ. ಚೆನ್ನಯ್ಯ ಮಡಕೆಗಳನ್ನು ಮುಂದಿಟ್ಟು ಅವಳ ಮುಖವನ್ನೇ ನೋಡುತ್ತಾ ಕೂರುತ್ತಿದ್ದ ಬೆಳಗುಗಳ ಖುಷಿ. ಅವಳು ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕಳು. ತನ್ನ ನಗು ತನಗೆ ಕೇಳಿದ್ದೇ ತಡ, ಮೈಯೆಲ್ಲ ಬೆವರಿತು. ಮಗಳು ಅಲ್ಲಿ ಸಾಯುತ್ತಿರುವಾಗ ನಾನಿಲ್ಲಿ ಕುಡಿದು ನಗುತ್ತಿದ್ದೇನೆ.

ಊಟ ಮೇಜಿಗೆ ಹೋಯಿತು. ಗೆಳೆಯ ದೊರೆ ಮೊದಲ ತುತ್ತಿಗೆ ಮಾತು ನಿಲ್ಲಿಸಿದನಂತೆ, ಎರಡನೆಯದಕ್ಕೆ ಕುರ್ಚಿಯಿಂದ ಎದ್ದು ನಿಂತನಂತೆ. ಫೆನ್ವಿಕ್ ದೊರೆ ಕೈಗೋಲನ್ನೂ ಮರೆತು ಅಡಿಗೆಮನೆಗೆ ಬಂದು, ‘ಗೆದ್ದೆ ರಾಜೀವಿ! ಅವನು ಹೇಳ್ತಾನೆ, ಪ್ಯಾರಿಸಿನಲ್ಲೂ ಹೀಗೆ ತಿಂದಿಲ್ಲ ಅಂತ. ನಿನಗೆ ಹೇಗೆ ಗೊತ್ತಾಯ್ತು?’ ಎಂದ. ಅವಳು ಅಷ್ಟರಲ್ಲಿ ಸೆರಗು ಸಿಕ್ಕಿಸಿ ಹಿತ್ತಿಲು ದಾಟಿದ್ದಳು. ತಿರುಗಿಯೂ ನೋಡಲಿಲ್ಲ.

ಏಳು ಮೈಲಿ. ಬಿಸಿಲು ನೆತ್ತಿಯಿಂದ ಸ್ವಲ್ಪ ಇಳಿದಿತ್ತು. ದಾರಿಯಲ್ಲಿ ಸಿಕ್ಕಿದ ಪ್ರತಿ ತೋಡಿನಲ್ಲೂ ಬಗ್ಗಿ ಬಾಯಿ ತೊಳೆದಳು. ಪರಿಚಯದ ಹೆಂಗಸೊಬ್ಬಳು, ‘ಎಲ್ಲಿಗೆ ಮಾರಾಯ್ತಿ, ಇಷ್ಟು ಅವಸರದಲ್ಲಿ?’ ಎಂದು ಕೇಳಿದರೆ ಬಾಯಿ ಬಿಡಲಿಲ್ಲ, ವಾಸನೆ ಬಂದೀತೆಂದು. ನಡೆಯುತ್ತಾ ಗುಳಿಗನ ಹತ್ತಿರ ಚೌಕಾಸಿ ಮಾಡಿದಳು. ನಾಲಿಗೆ ತೆಗೆದುಕೋ, ನಾನು ಮೂಗಿಯಾಗಿ ಬದುಕುತ್ತೇನೆ. ಕಣ್ಣು ತೆಗೆದುಕೋ. ನನ್ನನ್ನೇ ತೆಗೆದುಕೋ, ಈ ದಾರಿಯಲ್ಲೇ, ಈ ಗೇರುಮರದ ಬುಡದಲ್ಲೇ. ಅವಳನ್ನು ಬಿಡು, ಅವಳಿಗೆ ಹದಿನೇಳು ವರ್ಷ.

ನಾಲ್ಕು ಮೈಲಿ ಕಳೆದ ಮೇಲೆ ಎದುರಿನಿಂದ ತಲೆಗೆ ಬೈರಾಸು ವಸ್ತ್ರ ಸುತ್ತಿಕೊಂಡ ಒಬ್ಬ ಗಂಡಸು ದಡದಡ ಇಳಿದು ಬರುವುದು ಕಂಡಿತು. ಸುದ್ದಿ ಹೇಳಲಿಕ್ಕೆ ಬರುವವರ ನಡಿಗೆಯೇ ಅದು. ರಾಜೀವಿ ದಾರಿಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು, ಕಿವಿ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ನಿಂತು ಎರಡು ಸಲ ಏನೋ ಕೇಳಿದ. ಕೈ ತೆಗೆದಾಗ ಕೇಳಿದ್ದು, ‘ಇಲ್ಲಿ ಒಂದು ಕೆಂಪು ಕರು ಹೋದದ್ದು ಕಂಡಿರಾ?’ ಎಂದು. ಅವಳು ತಲೆಯಾಡಿಸಿ, ಎದ್ದು, ಮತ್ತೆ ನಡೆದಳು.

ತೆಂಗಿನ ಮರಗಳ ತುದಿಯಲ್ಲಿ ಇನ್ನೂ ಬಿಸಿಲಿದ್ದಾಗ ಅಮ್ಮಣ್ಣಿಯ ಮನೆಯ ಬೇಲಿಯ ತಡಮೆ ದಾಟಿದಳು. ಒಳಗಿನಿಂದ ಪ್ರೇಮಾವತಿಯ ಕೂಗು ಕೇಳಿತು. ಅಬ್ಬ, ಜೀವ ಉಂಟು! ಓಡಿ ಹೋಗಿ ಅವಳ ತಲೆ ಹಿಡಿದುಕೊಳ್ಳಬೇಕೆಂದು ಎದೆ ಹೊಡೆದುಕೊಂಡಿತು. ಆದರೆ ಆಣೆ ಮುರಿದ ನಾಲಿಗೆ ಹೊತ್ತುಕೊಂಡು ಹೆರಿಗೆಯ ಕೋಣೆಗೆ ಕಾಲಿಡುವುದು ಹೇಗೆ? ತನ್ನ ಬೆನ್ನ ಹಿಂದೆಯೇ ಗುಳಿಗನೂ ಒಳಗೆ ಬಂದರೆ? ಹೊಸ್ತಿಲಿನ ಹತ್ತಿರ ಹೋದವಳು ಹಿಂದೆ ಸರಿದು, ತೋಟದ ಮೂಲೆಯ ಕಟ್ಟೆಯ ಕಡೆಗೆ ಓಡಿದಳು.

ಮುದ್ದಣ್ಣ ಕಟ್ಟೆಯ ಕೆಳಗೆ ಕೂತಿದ್ದ. ಮರ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ದೀಪದ ಬತ್ತಿ ಇತ್ತು, ಹೊಸೆಯಲು ಆಗುತ್ತಿರಲಿಲ್ಲ. ರಾಜೀವಿ ಅವನ ಎದುರು ಮಣ್ಣಿನಲ್ಲಿ ಕುಸಿದಳು.

‘ಮುದ್ದಣ್ಣ, ನಾನು ಕುಡಿದೆ,’ ಎಂದಳು. ‘ದೊರೆಯ ವೈನ್. ಒಂದು ಸಲ ಮರೆತು, ಇನ್ನೊಂದು ಸಲ ಗೊತ್ತಿದ್ದೇ. ಎಂತ ಮಾಡಲಿ ಹೇಳು. ಎಂತ ಕೊಟ್ಟರೆ ಅವನು ಅವಳನ್ನು ಬಿಡ್ತಾನೆ? ಈ ನಾಲಿಗೆ ಒಬ್ಬನನ್ನು ತಿಂದಾಯಿತು. ಈಗ ಮಗಳನ್ನೂ ತಿನ್ನುತ್ತದೆ.’

ಒಳಗಿನಿಂದ ಮತ್ತೆ ಕೂಗು ಬಂತು, ಉದ್ದಕ್ಕೆ. ಮುದ್ದಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

‘ನಿನ್ನ ನಾಲಿಗೆ ಅಲ್ಲ,’ ಎಂದ.

‘ಎಂತ?’

‘ನಿನ್ನ ನಾಲಿಗೆ ಚೆನ್ನಯ್ಯನನ್ನು ತಿಂದದ್ದಲ್ಲ ರಾಜೀವಿ. ಬೆಳಗಿನಿಂದ ಈ ಕೂಗು ಕೇಳಿ ಕೇಳಿ ನನ್ನ ಕೈ ನಿಲ್ಲುವುದಿಲ್ಲ. ನೀನು ಆಣೆ ಹಾಕುವಾಗ ನೀರು ಬಿಟ್ಟವ ನಾನು. ಈ ಗುಳಿಗ ಲೆಕ್ಕ ಕೇಳುವುದಾದರೆ ನನ್ನ ಹತ್ತಿರ ಕೇಳಬೇಕು.’ ಅವನು ಕಲ್ಲಿನ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ‘ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗದ ತಳೆ ಉಂಟಲ್ಲ. ನನ್ನದು ಸವೆದಿತ್ತು. ಚೆನ್ನಯ್ಯನದು ಹೊಸತು, ನಿಮ್ಮ ಜಗಲಿಯ ಗೂಟದಲ್ಲಿ ತೂಗುತ್ತಿತ್ತು. ಆ ದಿನ ಬೆಳಗ್ಗೆ ನಾನು ಅದನ್ನು ತೆಗೆದುಕೊಂಡು ನನ್ನದನ್ನು ಅಲ್ಲಿ ಹಾಕಿದೆ. ಸಂಜೆ ತಿರುಗಿ ಕೊಡುವ ಅಂತ. ಅವನು ನೋಡದೆ ಅದನ್ನೇ ಹಾಕಿಕೊಂಡ. ಅರ್ಧ ಮರದಲ್ಲಿ ಅದು ತುಂಡಾಯಿತು. ನಾನು ಓಡಿದ್ದು ಅವನನ್ನು ನೋಡಲಿಕ್ಕಲ್ಲ, ಹಗ್ಗ ಬಿಚ್ಚಲಿಕ್ಕೆ. ಒಲೆಗೆ ಹಾಕಿ ಸುಟ್ಟೆ. ಕಳ್ಳು ಅಂತ ಹೇಳಿದೆ.’

ರಾಜೀವಿ ಮಣ್ಣಿನಿಂದ ಎದ್ದು ನಿಂತಳು.

‘ಹೇಳಬೇಕು ಅಂತ ಇತ್ತು. ನೀನು ಕಲ್ಲು ಮುಟ್ಟಿದಾಗ ಬಾಯಿಗೆ ಬಂದಿತ್ತು. ಹೆದರಿಕೆಯಾಯಿತು.’

‘ಹೆದರಿಕೆ,’ ಎಂದಳು ರಾಜೀವಿ. ಅವಳಿಗೆ ಸಿಟ್ಟು ಬಂತು. ಹನ್ನೆರಡು ವರ್ಷದ ಸಿಟ್ಟು ಒಟ್ಟಿಗೇ ಬಂತು. ‘ಮಗಳು ಕೆಮ್ಮಿದರೆ ನನಗೆ ಹೆದರಿಕೆ. ಪಕ್ಕದ ಮನೆಯಲ್ಲಿ ಕಳ್ಳು ಹುಳಿ ಬರಿಸಿದ ವಿನಿಗ್ರೆಯ ಭರಣಿ ತೆರೆದರೆ ಹೆದರಿಕೆ. ಅವಳನ್ನು ಹತ್ತಿರ ಇಟ್ಟುಕೊಳ್ಳಲಿಕ್ಕೂ ಹೆದರಿ ಬಿಟ್ಟುಹೋದೆ ಮಾರಾಯ! ಹನ್ನೆರಡು ವರ್ಷ ನಾನು ಹೆದರಿದ್ದು ನನ್ನ ಹೆದರಿಕೆ ಅಲ್ಲ ಮುದ್ದಣ್ಣ, ನಿನ್ನದು.’

ಅವನು ಏನೋ ಹೇಳುವವನಿದ್ದ. ಆಗ ಮನೆಯ ಕೂಗು ನಿಂತಿತು.

ಪೂರ್ತಿ ನಿಂತಿತು. ಇಬ್ಬರೂ ಮನೆಯ ಕಡೆ ತಿರುಗಿದರು. ಬಾವಿಯ ರಾಟೆಯ ಮೇಲೆ ಕಾಗೆಯೊಂದು ಕೂತಿತ್ತು, ಅದೂ ಕೂಗಲಿಲ್ಲ. ಮುದ್ದಣ್ಣ ಗುಳಿಗನ ಕಲ್ಲಿನ ಮುಂದೆ ಉದ್ದಂಡ ಬಿದ್ದು, ‘ನನ್ನದು ತಪ್ಪು, ನನ್ನನ್ನು ಕೇಳು,’ ಎಂದ. ರಾಜೀವಿ ಬೀಳಲಿಲ್ಲ. ಕಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಹಗ್ಗ ಎಂಬ ಮಾತು ಕಿವಿಯಲ್ಲಿತ್ತು. ಎದೆಗೆ ಇನ್ನೂ ಇಳಿದಿರಲಿಲ್ಲ. ಎದೆಯಲ್ಲಿ ಇದ್ದದ್ದು ಹಳೆಯ ಹೆದರಿಕೆಯೇ.

‘ರಾಜೀವೀ!’ ಅಮ್ಮಣ್ಣಿ ಹಿಂಬಾಗಿಲಿಗೆ ಬಂದು ಕಿರುಚಿದಳು. ‘ತಡಮೆ ದಾಟಿದ್ದು ಕಂಡೆ, ಎಲ್ಲಿ ಹಾಳಾಗಿ ಹೋದೆ? ಹೆಣ್ಣು! ಕಾಲು ಮುಂದೆ ಮಾಡಿ ಬಂದಿದೆ ನಿನ್ನ ಮೊಮ್ಮಗಳು. ಉಸಿರು ಹಿಡಿಯಲಿಕ್ಕೆ ತಡ ಮಾಡಿತು, ಈಗ ಸರಿಯಾಯಿತು.’ ಆ ಮಾತಿನ ಮೇಲೆಯೇ ಒಳಗಿನಿಂದ ಬೆಕ್ಕಿನ ಮರಿಯಂತೆ ಒಂದು ಸಣ್ಣ ಅಳು ಕೇಳಿಸಿತು.

‘ಪ್ರೇಮಾವತಿ?’

‘ನೀರು ಕೇಳಿದಳು, ಕುಡಿದಳು. ನಿನ್ನನ್ನು ಕೇಳಿದಳು. ಬಾ ಮಾರಾಯ್ತಿ!’

ರಾಜೀವಿ ಓಡಿದಳು. ಕತ್ತಲೆ ಕೋಣೆಯಲ್ಲಿ ಮಗಳ ಒದ್ದೆ ತಲೆಯನ್ನು ಎದೆಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಪ್ರೇಮಾವತಿ ಕಣ್ಣು ತೆರೆಯದೆ, ‘ಎಂತ ಅಮ್ಮ, ನಾನು ಹೆತ್ತದ್ದಾ ನೀನು ಹೆತ್ತದ್ದಾ?’ ಎಂದಳು. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ರಾಜೀವಿಯ ಮಡಿಲಲ್ಲಿಟ್ಟಳು. ಅಮ್ಮಣ್ಣಿ ಅಟ್ಟದಿಂದ ಜೇನಿನ ಕುಪ್ಪಿ ಇಳಿಸಿದಳು. ಹುಟ್ಟಿದ ಮಗುವಿನ ನಾಲಿಗೆಗೆ ಮೊದಲ ರುಚಿ ಅಜ್ಜಿಯ ಕೈಯಿಂದ ಹೋಗಬೇಕು. ಈ ಮನೆಯಲ್ಲಿ ಲಾಗಾಯ್ತಿನಿಂದ ಬಂದ ಕ್ರಮ.

‘ಹೋದ ವರ್ಷದ್ದು,’ ಎಂದಳು ಅಮ್ಮಣ್ಣಿ. ‘ಬೆರಳಿಗೆ ಸ್ವಲ್ಪ ತಾಗಿಸಿ ಕೊಡು.’

ರಾಜೀವಿ ಕುಪ್ಪಿಯನ್ನು ತೆಗೆದುಕೊಂಡಳು. ಒಂದು ವರ್ಷದ ಜೇನು. ಮುಚ್ಚಳದ ಬಟ್ಟೆ ಒಂದು ಕಡೆ ಸಡಿಲವಾಗಿತ್ತು. ಒಳಗೆ ಏನು ಬಿದ್ದಿದೆಯೋ, ಏನಾಗಿದೆಯೋ ಯಾರಿಗೆ ಗೊತ್ತು. ಕುಪ್ಪಿಯನ್ನು ಅಕ್ಕನಿಗೆ ತಿರುಗಿ ಕೊಟ್ಟು, ನೀನೇ ನೋಡು, ನೀನೇ ಕೊಡು ಎಂದುಬಿಡೋಣ ಎನಿಸಿತು. ಕೂಸು ಬಾಯಿ ತೆರೆದು ಗಾಳಿಯನ್ನು ಚೀಪುತ್ತಿತ್ತು.

ಕುಪ್ಪಿ ಎಡಗೈಗೆ ದಾಟಿತು. ಈ ಸಲ ಕೈ ತಾನಾಗಿ ಹೋಗಲಿಲ್ಲ, ಅವಳೇ ಕಳಿಸಿದಳು. ಬಲ ಅಂಗೈಯ ಗುಂಡಿಗೆ ಒಂದು ತೊಟ್ಟು ಬಿಟ್ಟು, ಕಣ್ಣು ಮುಚ್ಚಿ ನೆಕ್ಕಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಅಮ್ಮಣ್ಣಿ, ‘ಎಂತ, ಹಾಳಾಗಿದೆಯಾ?’ ಎಂದು ಕೇಳಿದಳು.

‘ಸರಿ ಉಂಟು,’ ಎಂದಳು ರಾಜೀವಿ, ಮತ್ತು ಬೆರಳಿಗೆ ಜೇನು ತಾಗಿಸಿ ಮಗುವಿನ ಬಾಯಿಗಿಟ್ಟಳು.